ಕೈಯಲ್ಲಿ ಮಾಡಿದ ಕ್ಷೌರಕತ್ತಿಗೆ ಬೆಲೆ ಕಟ್ಟಲು ನಾನು ಹಿಡಿದ ನಾಲ್ಕು ದಾರಿಗಳು

ಕಾಫಿ ಬೆಳೆಯುವವನಿಗೆ ಬೆಲೆ ಹೇಳುವ ಅಭ್ಯಾಸ ಇರುವುದಿಲ್ಲ. ಚೀಲ ಇಳಿಸಿದ ಕೂಡಲೇ ವ್ಯಾಪಾರಿ ಒಂದು ಹಿಡಿ ತೆಗೆದು ನೋಡುತ್ತಾನೆ, ಔಟ್‌ಟರ್ನ್, ಅಂದರೆ ಸಿಪ್ಪೆ ಕಳೆದ ಮೇಲೆ ಎಷ್ಟು ಬೀಜ ಸಿಗುತ್ತದೆ ಎಂಬ ಲೆಕ್ಕ ಹಾಕುತ್ತಾನೆ, ಅಂದಿನ ದರ ಹೇಳುತ್ತಾನೆ. ಕಾಳುಮೆಣಸಿಗೂ ಹಾಗೆಯೇ. ಸೋಮವಾರಪೇಟೆ ಕಡೆಯ ನಮ್ಮ ಸಣ್ಣ ತೋಟದಲ್ಲಿ ಬೆಳೆದ ಯಾವುದಕ್ಕೂ ನಾನಾಗಿ ಬೆಲೆ ಇಟ್ಟದ್ದಿಲ್ಲ. ಆದ್ದರಿಂದ ಪರಿಚಿತರೊಬ್ಬರು ನಾನು ಮಾಡಿದ ಕತ್ತಿಯನ್ನು ನೋಡಿ, "ನನಗೂ ಇಂಥದೊಂದು ಮಡಚುವ ಕ್ಷೌರಕತ್ತಿ ಮಾಡಿಕೊಡಿ, ಎಷ್ಟಾಗುತ್ತದೆ?" ಎಂದು ಕೇಳಿದಾಗ ನನ್ನಿಂದ ಉತ್ತರವೇ ಹೊರಡಲಿಲ್ಲ.

ಆಮೇಲೆ ಒಂದೇ ಅಳತೆಯ ಒಂಬತ್ತು ಅಲಗುಗಳಿಗೆ ಕೈಹಾಕಿದ್ದೇನೆ. ಆರು ಗೆದ್ದವು, ಮೂರು ಹಾಳಾದವು. ಗೆದ್ದ ಆರನ್ನು ನಾಲ್ಕು ಬೇರೆ ಬೇರೆ ರೀತಿಯಲ್ಲಿ ಬೆಲೆ ಕಟ್ಟಿ ಕೊಟ್ಟೆ. ಉಕ್ಕು ಅದೇ, ಅಗಲ ಅದೇ, ಕೈ ಅದೇ. ಬದಲಾದದ್ದು ಬೆಲೆ ಕಟ್ಟಿದ ಕ್ರಮ ಮಾತ್ರ. ಹಾಗಾಗಿ ಈ ನಾಲ್ಕನ್ನು ಪಕ್ಕಪಕ್ಕದಲ್ಲಿಟ್ಟು ನೋಡುವುದು ನನಗೆ ಸಾಧ್ಯವಾಗಿದೆ.

ಮೊದಲು ವಸ್ತುವಿನ ಬಗ್ಗೆ ಹೇಳಬೇಕು, ಇಲ್ಲದಿದ್ದರೆ ಲೆಕ್ಕ ಅರ್ಥವಾಗುವುದಿಲ್ಲ. ನನ್ನ ಕತ್ತಿಯ ಅಲಗು 6/8 ಇಂಚು ಅಗಲ, ಅಂದರೆ ಸುಮಾರು 19 ಮಿಲಿಮೀಟರ್. ಬೆನ್ನಿನ ದಪ್ಪ 5.4 ಮಿಲಿಮೀಟರ್. ಈ ಎರಡು ಅಂಕಿಗಳಲ್ಲೇ ಕತ್ತಿಯ ಹಣೆಬರಹವಿದೆ. ಅಡುಗೆಮನೆಯ ಚಾಕುವನ್ನು ಮಸೆಯುವಾಗ ಕೋನವನ್ನು ಕೈಯೇ ನಿರ್ಧರಿಸುತ್ತದೆ. ಕ್ಷೌರಕತ್ತಿ ಹಾಗಲ್ಲ. ಅದನ್ನು ಕಲ್ಲಿನ ಮೇಲೆ ಮಲಗಿಸಿದಾಗ ಬೆನ್ನೂ ಬಾಯಿಯೂ ಒಟ್ಟಿಗೆ ಕಲ್ಲನ್ನು ಮುಟ್ಟಬೇಕು, ಬೆನ್ನಿನ ದಪ್ಪವೇ ಕೋನವನ್ನು ಕೊಡುತ್ತದೆ. ನನ್ನ ಅಳತೆಗೆ ಅದು 16 ಡಿಗ್ರಿಯ ಆಸುಪಾಸು ಬರುತ್ತದೆ. ಬೆನ್ನು ಒಂದು ತುದಿಯಲ್ಲಿ ದಪ್ಪ, ಇನ್ನೊಂದು ತುದಿಯಲ್ಲಿ ತೆಳುವಾದರೆ ಆ ಕತ್ತಿ ತನ್ನ ಆಯುಷ್ಯವಿಡೀ ಒಂದು ಕಡೆ ಮಾತ್ರ ಕೂದಲು ಕೊಯ್ಯುತ್ತದೆ. ತೋಟದ ಕತ್ತಿಯಲ್ಲಿ ಲೆಕ್ಕಕ್ಕೇ ಬಾರದಷ್ಟು ಸಣ್ಣ ತಪ್ಪು ಇಲ್ಲಿ ಇಡೀ ಕೆಲಸವನ್ನು ಕೆಡಿಸುತ್ತದೆ.

ಮೊದಲನೆಯ ಕತ್ತಿಗೆ ನಾನು ಹಿಡಿದದ್ದು ಎಲ್ಲರಿಗೂ ಥಟ್ಟನೆ ಹೊಳೆಯುವ ದಾರಿ: ಅಂಗಡಿಯ ಬೆಲೆಯನ್ನು ನೋಡುವುದು. ಜರ್ಮನಿಯ ಸೋಲಿಂಗನ್‌ನಲ್ಲಿ ತಯಾರಾದ ಒಂದು ಹೊಸ ಕತ್ತಿ ನನ್ನ ಬಳಿಯೇ ಇತ್ತು. ಸುಂಕ, ಸಾಗಣೆ ಎಲ್ಲ ಸೇರಿ 11,500 ರೂಪಾಯಿ ಕೊಟ್ಟಿದ್ದೆ. ಆ ಊರಿನ ಹೆಸರನ್ನು ಬೇರೆಯವರು ಅಲಗಿನ ಮೇಲೆ ಒತ್ತದಂತೆ 1938ರಿಂದ ಕಾನೂನಿನ ರಕ್ಷಣೆ ಇದೆ. ಅಂಥ ಊರಿನ ಮಾಲಿನ ಎದುರು ನನ್ನದು ಅರ್ಧಕ್ಕೆ ಬೆಲೆಬಾಳಬಹುದು ಎಂದುಕೊಂಡು 6,000 ಹೇಳಿದೆ. ಅವರು ಮರುಮಾತಿಲ್ಲದೆ ಕೊಟ್ಟರು.

ಆ ಸಂಖ್ಯೆ ಎಲ್ಲಿಂದ ಬಂತು ಎಂದು ಆಮೇಲೆ ಯೋಚಿಸಿದಾಗ ನನ್ನ ಕೆಲಸದಿಂದಂತೂ ಬಂದಿರಲಿಲ್ಲ. ಕಾರ್ಖಾನೆಯಲ್ಲಿ ಅಚ್ಚಿನಲ್ಲಿ ಬಡಿದ ಅಲಗುಗಳು ಸಾಲಾಗಿ ಬರುತ್ತವೆ, ಹದ ಕೊಡುವವನು ಒಬ್ಬ, ಅಲಗಿನ ಎರಡೂ ಮಗ್ಗುಲನ್ನು ಸಾಣೆಯ ಮೇಲೆ ಒಳಬಾಗುವಂತೆ ತೆಳುಗೊಳಿಸುವವನು ಇನ್ನೊಬ್ಬ. ಆತ ಅದೊಂದೇ ಕೆಲಸದಲ್ಲಿ ಪಳಗಿದವನು. ಅಲ್ಲಿನ ಬೆಲೆ ಅಲ್ಲಿನ ವ್ಯವಸ್ಥೆಯ ಬೆಲೆ. ಅದನ್ನು ಅರ್ಧ ಮಾಡಿದ ಮಾತ್ರಕ್ಕೆ ನನ್ನ ಬೆಲೆಯಾಗುವುದಿಲ್ಲ. ಇನ್ನೂ ಒಂದು ಮಾತಿದೆ. ಹಳೆಯ ಸೋಲಿಂಗನ್ ಅಥವಾ ಇಂಗ್ಲೆಂಡಿನ ಶೆಫೀಲ್ಡ್ ಕತ್ತಿಯೊಂದು ಕೈಗೆ ಸಿಕ್ಕಿ, ತುಕ್ಕು ತೆಗೆದು ಸರಿಯಾಗಿ ಮಸೆದರೆ ಅದೂ ಹೊಸದರಂತೆಯೇ ಕ್ಷೌರ ಮಾಡುತ್ತದೆ. ನಾನು ಅಂಥ ಒಂದನ್ನು 1,800 ರೂಪಾಯಿಗೆ ಕೊಂಡು ಈಗಲೂ ಬಳಸುತ್ತಿದ್ದೇನೆ. ಬರೀ ಕ್ಷೌರ ಬೇಕಾದವರಿಗೆ ನಾನು ಅದನ್ನೇ ಹೇಳುತ್ತೇನೆ. ನನ್ನ ಬಳಿ ಬರುವವರಿಗೆ ಬೇಕಾದದ್ದು ಬೇರೆ: ತಮ್ಮ ಕೈಯ ಗಾತ್ರಕ್ಕೆ ಒಪ್ಪುವ ಬಾಲ (ಅಲಗಿನ ಹಿಂದೆ ಬೆರಳಿಟ್ಟು ಹಿಡಿಯುವ ಭಾಗ), ಮೂಗಿನ ಕೆಳಗೆ ತಾಗದಂತೆ ದುಂಡಗಿನ ತುದಿ, ತಮ್ಮ ಹಿತ್ತಲಿನ ಮರದ ಹಿಡಿ. ಇವಕ್ಕೆ ಅಂಗಡಿಯಲ್ಲಿ ಬೆಲೆ ಬರೆದಿರುವುದಿಲ್ಲ. ಅಂಗಡಿಯ ಬೆಲೆ ಕೊಳ್ಳುವವನ ಸಹನೆ ಎಲ್ಲಿಯವರೆಗೆ ಎಂಬುದನ್ನು ತಿಳಿಸುತ್ತದೆ, ಅದಕ್ಕಿಂತ ಹೆಚ್ಚಿನದನ್ನು ತಿಳಿಸುವುದಿಲ್ಲ.

ಮುಂದಿನ ಎರಡು ಕತ್ತಿಗಳಿಗೆ ಸಾಮಗ್ರಿ ಮತ್ತು ಕೂಲಿ ಎಂಬ ಲೆಕ್ಕ ಹಿಡಿದೆ. ಗೋಡೆಯ ಮೇಲೆ ಗಡಿಯಾರ, ಪಕ್ಕದಲ್ಲಿ ನೋಟ್‌ಪುಸ್ತಕ. ಅಲಗಿನ ಆಕಾರ ತೆಗೆಯಲು, ಹದ ಕೊಡಲು, ತೆಳುಗೊಳಿಸಲು, ಹೊಳಪಿಗೆ, ಹಿಡಿ ಕೂರಿಸಲು, ಕೊನೆಯಲ್ಲಿ 1,000ದಿಂದ 12,000 ನಂಬರಿನವರೆಗಿನ ಕಲ್ಲುಗಳ ಮೇಲೆ ಮಸೆಯಲು ಒಟ್ಟು 26 ಗಂಟೆ. ಉಕ್ಕು, ಹಿತ್ತಾಳೆಯ ಮೊಳೆ, ಎಮ್ಮೆಕೊಂಬು, ಗ್ಯಾಸು, ಸಾಣೆಯ ಯಂತ್ರದ ಉಜ್ಜುಪಟ್ಟಿ ಎಲ್ಲ ಸೇರಿ 1,950 ರೂಪಾಯಿ. ಇದರಲ್ಲಿ ಉಕ್ಕಿನ ಪಾಲು ಸಣ್ಣದು, ಸವೆದು ಹೋಗುವ ಉಜ್ಜುಪಟ್ಟಿಗಳದ್ದೇ ದೊಡ್ಡ ಖರ್ಚು. ನಮ್ಮ ಮನೆಗೆ ಬರುವ ಬಡಗಿಗೆ ನಾನು ಕೊಡುವ ದಿನಗೂಲಿ 1,000. ಎಂಟು ಗಂಟೆಯ ದಿನಕ್ಕೆ ಗಂಟೆಗೆ 125. ಹಾಗೆ ಕೂಲಿ 3,250, ಒಟ್ಟು 5,200.

ಈ ದಾರಿ ಪ್ರಾಮಾಣಿಕವಾದದ್ದು, ಕೊಳ್ಳುವವರಿಗೆ ಬಿಡಿಸಿ ತೋರಿಸಬಹುದು. ಒಬ್ಬರು ಪುಸ್ತಕವನ್ನು ಕೈಗೆ ತೆಗೆದುಕೊಂಡು ಸಾಲು ಸಾಲಾಗಿ ಓದಿ ತಲೆಯಾಡಿಸಿದರು. ಆದರೂ ವರ್ಷದ ಕೊನೆಯಲ್ಲಿ ಕೈಯಿಂದ ಹಣ ಹೋಗಿತ್ತು. ಎಲ್ಲಿ ಸೋರಿತು ಎಂದು ಹುಡುಕಿದಾಗ ಸಿಕ್ಕಿದ್ದು ಮೂಲೆಯಲ್ಲಿ ಬಿದ್ದಿದ್ದ ಮೂರು ಅಲಗುಗಳು.

ನಾನು ಬಳಸುವುದು ಓ1 ಎಂಬ ಉಕ್ಕು, ಇಂಗಾಲದ ಪ್ರಮಾಣ ಸುಮಾರು ಶೇಕಡಾ 0.9. ಅದನ್ನು 800 ಡಿಗ್ರಿ ಸೆಲ್ಸಿಯಸ್‌ನ ಆಸುಪಾಸಿಗೆ ಕಾಯಿಸಿ, ಬೆಚ್ಚಗಿನ ಎಣ್ಣೆಯಲ್ಲಿ ಅದ್ದಬೇಕು. ಆಗ ಅದು ಗಾಜಿನಂತೆ ಗಡಸಾಗಿರುತ್ತದೆ, ಕೆಳಗೆ ಬಿದ್ದರೆ ಒಡೆಯಬಹುದು. ಬಳಿಕ 200 ಡಿಗ್ರಿಯಲ್ಲಿ ಎರಡೆರಡು ಗಂಟೆ, ಎರಡು ಸಲ ಕಾಯಿಸಿದರೆ ಗಡಸುತನ ರಾಕ್‌ವೆಲ್ ಮಾಪಕದಲ್ಲಿ 60ರ ಸುತ್ತ ನಿಲ್ಲುತ್ತದೆ. ನನ್ನ ಒಂದು ಅಲಗು ಎಣ್ಣೆಯಲ್ಲಿ ಬಿರಿಯಿತು. ಒಂದು ಬಾಗಿತು, ನೆಟ್ಟಗೆ ಮಾಡಹೋದಾಗ ಮುರಿಯಿತು. ಮೂರನೆಯದು ಹದವೆಲ್ಲ ಸರಿಯಾಗಿ ಬಂದ ಮೇಲೆ, ಬಾಯಿಯನ್ನು ತೆಳುಗೊಳಿಸುವಾಗ ನೀಲಿಯಾಯಿತು. ಕಾಗದದಷ್ಟು ತೆಳುವಾದ ಉಕ್ಕು ಸಾಣೆಯ ಮೇಲೆ ಕ್ಷಣಮಾತ್ರದಲ್ಲಿ ಕಾಯುತ್ತದೆ. ನೀಲಿ ಬಣ್ಣ ಬಂತೆಂದರೆ ಅದು 300 ಡಿಗ್ರಿಯ ಸುತ್ತ ಹೋಗಿ ಬಂದಿದೆ, ಅಲ್ಲಿಗೆ ಹದ ಹೋಯಿತು. ಆ ಅಲಗಿಗೆ ನಾನು ಎರಡು ದಿನ ಸುರಿದಿದ್ದೆ. ಅದನ್ನು ಕೈಯಲ್ಲಿ ಹಿಡಿದುಕೊಂಡು ಕತ್ತಲಾಗುವವರೆಗೆ ಕೊಟ್ಟಿಗೆಯಲ್ಲೇ ಕುಳಿತಿದ್ದೆ. ಈ ಮೂರರಲ್ಲಿ ಯಾವುದೂ ನನ್ನ ನೋಟ್‌ಪುಸ್ತಕದ ಲೆಕ್ಕದಲ್ಲಿ ಇರಲಿಲ್ಲ. ಬಡಗಿಯ ಹಲಗೆ ತಪ್ಪಿ ತುಂಡಾದರೆ ಇನ್ನೊಂದು ಕಡೆ ಬಳಕೆಗೆ ಬರುತ್ತದೆ, ಹದ ಹೋದ ಕ್ಷೌರಕತ್ತಿ ಯಾವುದಕ್ಕೂ ಬರುವುದಿಲ್ಲ.

ಮೂರನೆಯ ದಾರಿಯ ಬಗ್ಗೆ ಹೆಚ್ಚು ಹೇಳಬೇಕಾಗಿದೆ, ಏಕೆಂದರೆ ಅದು ನನಗೆ ಅತ್ಯಂತ ಮರ್ಯಾದೆಯ ದಾರಿಯಾಗಿ ಕಂಡಿತ್ತು. "ನಿಮಗೆ ತೋಚಿದ್ದು ಕೊಡಿ" ಎಂದುಬಿಡುವುದು. ನಮ್ಮ ಕಡೆ ಗುರುತಿನವರ ನಡುವೆ ಹೀಗೆಯೇ ನಡೆಯುತ್ತದೆ. ಹಣದ ಮಾತು ಬಾಯಿಗೆ ಬಂದರೆ ಸಂಬಂಧ ಸಣ್ಣದಾಗುತ್ತದೆ ಎಂಬ ಭಾವನೆ.

ಮಡಿಕೇರಿ ಕಡೆಯ ಒಬ್ಬ ನಿವೃತ್ತ ಸುಬೇದಾರರಿಗೆ ಹಾಗೆ ಹೇಳಿ ಕೊಟ್ಟೆ. ನಮ್ಮ ತಂದೆಯ ಕಾಲದಿಂದ ಬಳಕೆ, ನಾನು ಅವರನ್ನು ಮಾವ ಎಂದೇ ಕರೆಯುವುದು. ಒಂದು ವಾರದ ನಂತರ ಅವರು ಲಕೋಟೆ ಕಳುಹಿಸಿದರು, ಒಳಗೆ 15,000 ರೂಪಾಯಿ. ಅದೇ ತಿಂಗಳು ತಮ್ಮನ ಗೆಳೆಯನೊಬ್ಬನಿಗೂ ಅದೇ ಮಾತು ಹೇಳಿ ಕೊಟ್ಟಿದ್ದೆ. ಅವನು 2,500 ಕೊಟ್ಟ. ಇಬ್ಬರ ಕತ್ತಿಯೂ ಒಂದೇ ಬಗೆಯದು, ಸುಬೇದಾರರದ್ದರ ಹಿಡಿ ಮಾತ್ರ ಹಳೆಯ ರೊಬಸ್ಟಾ ಕಾಫಿ ಗಿಡದ ಬುಡದ್ದು.

2,500 ಕೊಟ್ಟ ಹುಡುಗನ ಮೇಲೆ ನನಗೆ ಬೇಸರವಿಲ್ಲ, ಅವನಿಗೆ ತಿಳಿದ ಕತ್ತಿಯ ಬೆಲೆಯೆಂದರೆ ಸಂತೆಯ ಕತ್ತಿಯ ಬೆಲೆ. ಆದರೆ ಆಮೇಲೆ ಯಾರೋ ಅವನಿಗೆ ಜರ್ಮನ್ ಕತ್ತಿಯ ದರ ಹೇಳಿದ್ದಾರೆ. ಅಂದಿನಿಂದ ಅವನು ಮಸೆಸಲು ಬರಲಿಲ್ಲ. ಕತ್ತಿ ಮೊಂಡಾಗಿ ಕಪಾಟಿನಲ್ಲಿದೆ ಎಂದು ತಮ್ಮನಿಂದ ತಿಳಿಯಿತು. ನಾಚಿಕೆಯಿಂದ ಬರುತ್ತಿಲ್ಲ. ಇನ್ನು ಸುಬೇದಾರ ಮಾವನ ಮನೆಗೆ ಕೊಡವರ ಆಯುಧಪೂಜೆಯ ಹಬ್ಬವಾದ ಕೈಲ್ ಮುಹೂರ್ತದ ಮರುದಿನ ಹೋಗಿದ್ದೆ. ಹಬ್ಬಕ್ಕೆ ಪೂಜೆಗಿಟ್ಟ ಕೋವಿ, ಒಡಿಕತ್ತಿ, ಪೀಚೆಕತ್ತಿಯ ಸಾಲಿನಲ್ಲೇ ನನ್ನ ಕ್ಷೌರಕತ್ತಿಯೂ ಗಂಧ ಹಚ್ಚಿಸಿಕೊಂಡು ಕುಳಿತಿತ್ತು. ನನಗೆ ಗಂಟಲು ಕಟ್ಟಿತು. ಕಾಫಿ ಕುಡಿಯುತ್ತಾ ಅವರು ಮೆಲ್ಲಗೆ ಹೇಳಿದರು: "ಮಗನೇ, ನೀನು ಬೆಲೆ ಹೇಳದೆ ನನ್ನನ್ನು ಕಷ್ಟಕ್ಕೆ ಸಿಕ್ಕಿಸಿದೆ. ಎರಡು ರಾತ್ರಿ ಯೋಚಿಸಿದೆ. ಕಡಿಮೆಯಾದರೆ ನಿನಗೆ ಅವಮಾನ, ಹೆಚ್ಚಾದರೆ ಪಿಂಚಣಿ ಹಣ. ಮಾಡಿದವನು ನೀನು, ನಿನಗೆ ಗೊತ್ತಿಲ್ಲದ ಬೆಲೆ ನನಗೆ ಹೇಗೆ ಗೊತ್ತಾಗಬೇಕು?"

ನಾನು ಅದನ್ನು ಔದಾರ್ಯ ಎಂದುಕೊಂಡಿದ್ದೆ. ನಾನು ಹೊರಬೇಕಾದ ಹೊರೆಯನ್ನು ಎಂಬತ್ತರ ಹತ್ತಿರದ ಹಿರಿಯರ ಹೆಗಲಿಗೆ ದಾಟಿಸಿದ್ದೆ. 15,000ವೂ 2,500ವೂ ಕತ್ತಿಯ ಬೆಲೆಯಾಗಿರಲಿಲ್ಲ. ಒಂದು ಅವರ ಪ್ರೀತಿಯ ಅಳತೆ, ಇನ್ನೊಂದು ಅವನ ಅರಿವಿನ ಅಳತೆ. ನಾಲ್ಕು ದಾರಿಗಳಲ್ಲಿ ನಾನು ಮತ್ತೆಂದೂ ಹಿಡಿಯದ ದಾರಿ ಇದು.

ನಾಲ್ಕನೆಯದರ ಸುಳಿವು ಕೊಟ್ಟವರು ನಮ್ಮ ಊರಿನ ಹಳೆಯ ಕಮ್ಮಾರರು. ತೋಟದ ಕತ್ತಿಗಳನ್ನು ಲಾರಿಯ ಸ್ಪ್ರಿಂಗ್ ಪಟ್ಟಿಯಿಂದ ಮಾಡುತ್ತಾರೆ, ನಾನು ಕುಲುಮೆಯ ಮುಂದೆ ನಿಲ್ಲಲು ಕಲಿತದ್ದೂ ಅಲ್ಲಿಯೇ. ಅವರು ತಮ್ಮ ಅಜ್ಜನ ಕಾಲದ ಆಯದ ಪದ್ಧತಿಯನ್ನು ನೆನಪಿಸಿದರು. ಸುಗ್ಗಿಯಲ್ಲಿ ಪ್ರತಿ ಮನೆಯಿಂದ ಕಮ್ಮಾರನಿಗೆ ಇಷ್ಟು ಭತ್ತ ಎಂದು ಸಲ್ಲುತ್ತಿತ್ತು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ಕುಳ, ಕುಡುಗೋಲು ಹದ ಮಾಡಿಕೊಡುವುದು ಅವನ ಹೊಣೆ. ಮುರಿದರೂ ಅವನದೇ, ಮೊಂಡಾದರೂ ಅವನದೇ. ಕ್ಷೌರಿಕನಿಗೂ ಅದೇ ಆಯ. ಕತ್ತಿ ಮಾಡುವವನೂ ಅದನ್ನು ಹಿಡಿಯುವವನೂ ಒಂದೇ ಕಣದಿಂದ ಭತ್ತ ಒಯ್ಯುತ್ತಿದ್ದರು. ಅಂದರೆ ಹಳ್ಳಿ ಬೆಲೆ ಕೊಡುತ್ತಿದ್ದದ್ದು ಕಬ್ಬಿಣದ ತುಂಡಿಗಲ್ಲ, ಅದು ಹರಿತವಾಗಿ ಉಳಿಯುತ್ತದೆ ಎಂಬ ಮಾತಿಗೆ.

ಆ ರಾತ್ರಿ ಹೊಸದಾಗಿ ಲೆಕ್ಕ ಬರೆದೆ. ಗಂಟೆಗೆ 125ರ ಬದಲು 200 ಹಾಕಿದೆ, ತೋಟದ ಪಂಪು ನೋಡಲು ಬರುವ ನುರಿತ ಮೆಕ್ಯಾನಿಕ್‌ಗೆ ದಿನಕ್ಕೆ 1,600 ಕೊಡುವಾಗ ನಾನು ಎರಡು ಮಾತಾಡುವುದಿಲ್ಲ. 26 ಗಂಟೆಗೆ 5,200. ಸಾಮಗ್ರಿ 1,950. ಹಾಳಾಗುವ ಅಲಗಿನ ಮೇಲೆ ಸರಾಸರಿ ಒಂಬತ್ತು ಗಂಟೆ ಮತ್ತು 800 ರೂಪಾಯಿ ಸಾಮಗ್ರಿ ಹೋಗಿರುತ್ತದೆ, ಅಂದರೆ 2,600. ಎರಡು ಗೆದ್ದರೆ ಒಂದು ಸೋಲುತ್ತದೆ ಎಂಬುದು ನನ್ನ ಈವರೆಗಿನ ಅನುಭವ, ಹಾಗಾಗಿ ಒಂದೊಂದರ ಪಾಲು 1,300. ಸಾಣೆಯ ಯಂತ್ರಕ್ಕೆ 48,000 ಬಿದ್ದಿದೆ, ನೂರು ಕತ್ತಿಗೆ ಹಂಚಿದರೆ 480. ಮೊದಲ ವರ್ಷ ಎರಡು ಸಲ ಮಸೆದುಕೊಡಲು ಮೂರು ಗಂಟೆಗೆ 600, ಕೊರಿಯರ್‌ಗೆ 400. ಕೂಡಿಸಿದರೆ 9,930.

ಮಸೆದುಕೊಡುವ ಖರ್ಚನ್ನು ಬೆಲೆಯೊಳಗೇ ಸೇರಿಸಿದ್ದಕ್ಕೆ ನಮ್ಮ ಮಳೆಯೂ ಕಾರಣ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಇಲ್ಲಿ ಬಟ್ಟೆ ಒಣಗುವುದಿಲ್ಲ, ಇಂಗಾಲದ ಉಕ್ಕು ಒಂದು ರಾತ್ರಿ ಒದ್ದೆಯಾಗಿ ಉಳಿದರೂ ಬಾಯಿಯ ಅಂಚಿನಲ್ಲಿ ತುಕ್ಕಿನ ಚುಕ್ಕೆ ಏಳುತ್ತದೆ. ಒರೆಸಿ, ಒಂದು ಹನಿ ಎಣ್ಣೆ ಸವರಿಡಿ ಎಂದು ಎಲ್ಲರಿಗೂ ಹೇಳುತ್ತೇನೆ. ಹೇಳಿದ ಮೇಲೂ ಮರೆಯುವುದು ಮನುಷ್ಯ ಸಹಜ. ಆಗ ಅವರು ಸಂಕೋಚವಿಲ್ಲದೆ ನನ್ನ ಬಳಿ ಬರಬೇಕು. ಮೊದಲೇ ಹಣ ಕೊಟ್ಟಿದ್ದರೆ ಬರುತ್ತಾರೆ.

ಅಲಂಕಾರವನ್ನು ಈ ಲೆಕ್ಕದಿಂದ ಹೊರಗಿಟ್ಟಿದ್ದೇನೆ. ಪದರ ಪದರವಾಗಿ ಬೆಸೆದ ಡಮಾಸ್ಕಸ್ ಉಕ್ಕು ಬೇಕೆಂದರೆ ಬೆಲೆ ಸುಲಭವಾಗಿ ಇಮ್ಮಡಿಯಾಗುತ್ತದೆ, ಗಲ್ಲಕ್ಕೆ ಮಾತ್ರ ಯಾವ ವ್ಯತ್ಯಾಸವೂ ಗೊತ್ತಾಗುವುದಿಲ್ಲ. ಕ್ಷೌರ ನುಣುಪಾಗುವುದು ಹದದಿಂದ, ಬೆನ್ನಿನ ಅಳತೆಯಿಂದ, ಕಲ್ಲಿನಿಂದ, ಕೊನೆಗೆ ಚರ್ಮದ ಪಟ್ಟಿಯಿಂದ. ಜಿಂಕೆಕೊಂಬಿನ ಹಿಡಿ ಕೇಳಿದವರಿಗೆ ಸಾಧ್ಯವಿಲ್ಲ ಎಂದಿದ್ದೇನೆ. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಅದರ ವ್ಯಾಪಾರ ಅಪರಾಧ, ತೋಟದಲ್ಲಿ ಬಿದ್ದು ಸಿಕ್ಕಿದ್ದು ಎಂದರೂ ಅಷ್ಟೇ. ಬೀಟೆ ಮರ ಮನೆಯ ಹಳೆಯ ಪೀಠೋಪಕರಣದ ತುಂಡಾಗಿ ಅವರೇ ತಂದರೆ ಬಳಸುತ್ತೇನೆ.

ಆರನೆಯ ಕತ್ತಿಯನ್ನು ಹೀಗೆ 9,900ಕ್ಕೆ ಕೊಟ್ಟೆ. ಕೊಂಡವರು ಮೊದಲು ಹಿಂಜರಿದರು. ಹಾಳಾದ ಮೂರು ಅಲಗುಗಳನ್ನು ಅವರ ಮುಂದಿಟ್ಟು, ಪುಸ್ತಕ ತೆರೆದು ತೋರಿಸಿದೆ. ಅವರು ನೀಲಿಯಾದ ಅಲಗನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. ಇನ್ನೊಬ್ಬರು ಬೆಲೆ ಕೇಳಿ, ತಮಗೆ ಅಷ್ಟು ಆಗದು ಎಂದು ನೇರವಾಗಿ ಹೇಳಿದರು. ಅವರಿಗೆ ಹಳೆಯ ಕತ್ತಿಯೊಂದನ್ನು ಹುಡುಕಿ ಮಸೆದುಕೊಟ್ಟೆ, ಮಸೆದದ್ದಕ್ಕೆ 300 ತೆಗೆದುಕೊಂಡೆ. ಇಬ್ಬರೊಂದಿಗೂ ಮಾತು ಮೊದಲಿನಂತೆಯೇ ಇದೆ.

ಈಗ ಕುಶಾಲನಗರದ ಒಬ್ಬ ಎಡಗೈ ಮೇಷ್ಟರಿಗೆ ಏಳನೆಯ ಕತ್ತಿ ನಡೆಯುತ್ತಿದೆ. ಬೆಂಕಿ ಹಚ್ಚುವ ಮೊದಲೇ ಬೆಲೆ ಹೇಳಿ ಒಪ್ಪಿಸಿದ್ದೆ. ಕಳೆದ ಶನಿವಾರ ಅಲಗನ್ನು ಎಣ್ಣೆಗೆ ಅದ್ದಿದಾಗ ಸಣ್ಣಗೆ ಟಿಣ್ ಎಂಬ ಸದ್ದು ಬಂತು. ಆ ಸದ್ದು ನನಗೆ ಈಗ ಚೆನ್ನಾಗಿ ಗೊತ್ತು. ಮೇಷ್ಟರಿಗೆ ಫೋನ್ ಮಾಡಿ ಇನ್ನು ಹದಿನೈದು ದಿನ ತಡವಾಗುತ್ತದೆ ಎಂದೆ. ಅವರು, "ಹಾಗಾದರೆ ನಾನು ಹೆಚ್ಚು ಕೊಡಬೇಕಾಗುತ್ತದೆಯೇ?" ಎಂದು ಕೇಳಿದರು. ಇಲ್ಲ ಸರ್, ಅದು ಆಗಲೇ ಬೆಲೆಯಲ್ಲಿ ಸೇರಿದೆ ಎಂದು ಹೇಳಿ, ಹೊಸ ಪಟ್ಟಿಯ ಮೇಲೆ ಅಳತೆ ಗೀಚಲು ಕುಳಿತೆ.