ಒಂದನೇ ಕ್ಲಾಸಿನ ನಲಿ-ಕಲಿ: ಎರಡೂವರೆ ತಿಂಗಳು ನೋಡಿದ ಮೇಲೆ

ನಾನು ಮೂಡಿಗೆರೆ ಕಡೆಯ ಒಂದು ಕಾಫಿ ತೋಟದಲ್ಲಿ ರೈಟರ್. ಕಥೆ ಬರೆಯುವ ರೈಟರ್ ಅಲ್ಲ, ಚೆಕ್‌ರೋಲ್ ಬರೆಯುವ ರೈಟರ್. ಯಾರು ಬಂದರು, ಯಾರದು ಅರ್ಧ ದಿನ, ಯಾರು ಯಾವ ಕೆಲಸಕ್ಕೆ ಹೋದರು, 14 ವರ್ಷದಿಂದ ಇದೇ ಲೆಕ್ಕ. ಹಾಗಾಗಿ ಲೆಕ್ಕಕ್ಕೆ ಸಿಗದ ಕೆಲಸ ಕಂಡರೆ ನನಗೆ ಆಗಿಬರುವುದಿಲ್ಲ. ಮಗಳನ್ನು ಈ ವರ್ಷ ಊರಿನ ಸರ್ಕಾರಿ ಶಾಲೆಯ ಒಂದನೇ ಕ್ಲಾಸಿಗೆ ಸೇರಿಸಿದ ಮೇಲೆ ಮೊದಲ ತಿಂಗಳು ನನಗೆ ನಿದ್ದೆ ಬಾರದಿದ್ದುದು ಅದಕ್ಕೇ. ಅಲ್ಲಿ ಚಿಕ್ಕ ಕ್ಲಾಸಿನವರಿಗೆ ನಲಿ-ಕಲಿ, ಅಂದರೆ ಆಟ, ಹಾಡು, ಕಾರ್ಡುಗಳಿಂದ ಕಲಿಸುವ ಪದ್ಧತಿ.

ಹೋದ ವರ್ಷ ಪೇಟೆಯ ಒಂದು ಕಾನ್ವೆಂಟಿನಲ್ಲಿ ಯುಕೆಜಿ ಓದಿದ್ದಳು. ಬೆಳಗ್ಗೆ ಏಳೂಕಾಲಿಗೆ ವ್ಯಾನು, ಸಂಜೆ ಬರುವಾಗ ಸೀಟಿನಲ್ಲೇ ನಿದ್ದೆ, ಎತ್ತಿಕೊಂಡೇ ಇಳಿಸಬೇಕು. ದಿನಾ ನಾಲ್ಕು ಪುಟ ಹೋಂವರ್ಕ್. ಅಕ್ಷರ ಮುತ್ತಿನ ಹಾಗೆ ಬರೆಯುತ್ತಿದ್ದಳು, ಆದರೆ ಬರೆದದ್ದನ್ನು ಓದು ಅಂದರೆ ನನ್ನ ಮುಖ ನೋಡುತ್ತಿದ್ದಳು. ವ್ಯಾನಿನ ದುಡ್ಡೂ ಏರಿತು. ನನ್ನಾಕೆ, 'ಸಾಕು, ಇಲ್ಲೇ ಹಾಕಿ' ಅಂದಳು.

ಮೇ ಕೊನೆಯಲ್ಲಿ ಪ್ರಾರಂಭೋತ್ಸವ. ಮಾವಿನ ತೋರಣ, ಸಿಹಿ, ಎಲ್ಲ ಆಯ್ತು. ಆಮೇಲೆ ಶುರುವಾಯಿತು ನೋಡಿ. ದಿನಾ ಸಂಜೆ 'ಇವತ್ತು ಏನು ಕಲಿಸಿದರು?' ಅಂತ ಕೇಳಿದರೆ ಉತ್ತರ: 'ಎಲೆ ಆರಿಸಿದ್ವಿ.' 'ದೊಡ್ಡದು ಒಂದು ಕಡೆ, ಚಿಕ್ಕದು ಒಂದು ಕಡೆ ಇಟ್ವಿ.' 'ಹಾಡು ಹೇಳಿದ್ವಿ.' ಇನ್ನೊಂದು ದಿನ, 'ನಾನು ಎರಡನೇ ತಟ್ಟೇಲಿ ಕೂತಿದ್ದೆ.' ನಮ್ಮಮ್ಮ ಗಾಬರಿ: 'ತಟ್ಟೇಲಿ ಯಾಕೆ ಕೂತ್ಕೊಂಡೇ? ಊಟ ಮಾಡೋದು ಯಾವುದ್ರಲ್ಲಿ?' ಸ್ಲೇಟಿನಲ್ಲಿ ಒಂದಕ್ಷರ ಇಲ್ಲ, ಹೋಂವರ್ಕ್ ಇಲ್ಲ. ಸರ್ಕಾರಿ ಶಾಲೆಯ ಬಗ್ಗೆ ಜನ ಆಡಿಕೊಳ್ಳುವುದು ಸುಳ್ಳಲ್ಲ ಅಂದುಕೊಂಡೆ. ಒಂದು ಶನಿವಾರ ಛತ್ರಿ ಹಿಡಿದು ಹೋಗಿ ಹಿಂದಿನ ಬಾಗಿಲಲ್ಲಿ ನಿಂತೆ.

ಒಂದು, ಎರಡು, ಮೂರನೇ ಕ್ಲಾಸು ಒಂದೇ ಕೋಣೆಯಲ್ಲಿ. ಒಟ್ಟು 19 ಮಕ್ಕಳು, ಒಬ್ಬರೇ ಟೀಚರ್. ಬೆಂಚಿಲ್ಲ, ಕೆಳಗೆ ಗುಂಪು ಗುಂಪಾಗಿ ಕೂತಿದ್ದಾರೆ. ಆ ಗುಂಪಿಗೇ ತಟ್ಟೆ ಅನ್ನುವುದು. ಮೊದಲ ತಟ್ಟೆಯ ಮಕ್ಕಳ ಜೊತೆ ಟೀಚರೇ ಕೂರುತ್ತಾರೆ, ನಡುವಿನ ತಟ್ಟೆಗಳಲ್ಲಿ ಅರ್ಧ ಟೀಚರದು, ಅರ್ಧ ಜೊತೆಯ ಮಕ್ಕಳದು ಹೀಗೆ ಸಹಾಯ, ಕೊನೆಯ ತಟ್ಟೆಯವರು ತಾವೇ ಮಾಡಿಕೊಳ್ಳುತ್ತಾರೆ. ಗೋಡೆಯ ಬುಡದಲ್ಲಿ ಮಕ್ಕಳ ಕೈಗೆ ಎಟುಕುವಷ್ಟು ಎತ್ತರಕ್ಕೆ ಕಪ್ಪು ಬಣ್ಣ ಬಳಿದು ಒಬ್ಬೊಬ್ಬರಿಗೆ ಒಂದೊಂದು ಪಾಲು ಗೆರೆ ಎಳೆದಿದ್ದಾರೆ. ತಲೆಯ ಮೇಲೆ ದಾರ ಕಟ್ಟಿ ಮಕ್ಕಳ ಚಿತ್ರ ತೂಗುಹಾಕಿದ್ದಾರೆ, ಅದಕ್ಕೆ ಚಪ್ಪರ ಅಂತ ಹೆಸರು. ನಮ್ಮ ಕಡೆಯ ಜೂನ್ ಶೀತಕ್ಕೆ ಕಾಗದವೆಲ್ಲ ಹಪ್ಪಳದ ಹಾಗೆ ಸುರುಟಿಕೊಂಡಿತ್ತು.

ನನಗೆ ಕಣ್ಣಿಗೆ ಬಿದ್ದದ್ದು ಹಾಜರಿ. ಟೀಚರ್ ಕೂಗುವ ಮೊದಲೇ ಮಕ್ಕಳು ಬಂದವರು ಬಂದ ಹಾಗೆ ಗೋಡೆಯ ಚಾರ್ಟಿನಲ್ಲಿ ತಮ್ಮ ಹೆಸರಿನ ಮುಂದೆ ತಾವೇ ಗುರುತು ಹಾಕುತ್ತಾರೆ. ಪಕ್ಕದಲ್ಲಿ ಹವಾಮಾನ ನಕ್ಷೆ. ಅದನ್ನೂ ದಿನಾ ತುಂಬಬೇಕು. ಜೂನ್ ಪೂರ್ತಿ ಒಂದೇ ಚಿತ್ರ, ಮಳೆ. ಒಂದೇ ಒಂದು ದಿನ ಯಾರೋ ಸೂರ್ಯನನ್ನು ಬರೆದು ಆಮೇಲೆ ಹೊಡೆದುಹಾಕಿದ್ದರು.

ಟೀಚರ್ ಹೇಳಿದ ಪ್ರಕಾರ ಮೊದಲ ವಾರಗಳದು 'ವಿದ್ಯಾಪ್ರವೇಶ', ಶಾಲೆಗೆ ಮಗುವನ್ನು ಸಜ್ಜು ಮಾಡುವ ಕಾಲ. 2020ರ ಶಿಕ್ಷಣ ನೀತಿ ಬಂದ ಮೇಲೆ ಕೇಂದ್ರದ ಶಿಕ್ಷಣ ಮಂಡಳಿಯಾದ ಎನ್‌ಸಿಇಆರ್‌ಟಿಯವರು ರೂಪಿಸಿದ್ದು. ಎಲೆ ಆರಿಸಿದ್ದು, ಚಿಕ್ಕದು ದೊಡ್ಡದು ಬೇರೆ ಮಾಡಿದ್ದು, ಎಲ್ಲ ಅದರದೇ ಪಾಠ. ಎರಡು-ಮೂರನೆಯವರಿಗೂ ಹೊಸ ಪಾಠಕ್ಕೆ ಮೊದಲು ಹಿಂದಿನದನ್ನು ಗಟ್ಟಿ ಮಾಡಿಸುವುದು ಇದ್ದೇ ಇದೆ. ಸರಿ, ಇದನ್ನು ಮೇ ತಿಂಗಳಲ್ಲೇ ಒಂದು ಮಾತು ಹೇಳಿದ್ದರೆ ನಾನು ಒಂದು ತಿಂಗಳು ಹೊರಳಾಡುತ್ತಿರಲಿಲ್ಲ ಅಲ್ವಾ? ಇದು ನನ್ನ ಮೊದಲ ದೂರು. ಅಪ್ಪ-ಅಮ್ಮಂದಿರಿಗೆ ಯಾರೂ ಏನೂ ವಿವರಿಸುವುದಿಲ್ಲ.

ಆಮೇಲೆ ಅಕ್ಷರ ಕಲಿಸುವ ಕಾರ್ಡು ಶುರುವಾಯಿತು. ಇಲ್ಲಿ ನಮ್ಮಮ್ಮನಿಗೆ ಎರಡನೇ ಗಾಬರಿ. ಅಕ್ಷರಾಭ್ಯಾಸ ಅಂದರೆ ಅ ಆ ಇ ಈ ತಾನೆ? ಇವಳು ಬಂದು ಬರೆದದ್ದು ರ, ಗ, ಸ, ದ, ಅ. 'ಅಕಾರ ಐದನೇದಾ? ಕಲಿಗಾಲ' ಅಂದರು ಅಮ್ಮ. ಸ್ಲೇಟು ತೆಗೆದುಕೊಂಡು ನಾನೇ ಬರೆದು ನೋಡಿದೆ. ರ ಅಂದರೆ ಒಂದು ಸುತ್ತು, ಮೇಲೊಂದು ತಲೆಕಟ್ಟು, ಕೈ ತಿರುಗುವುದು ಸುಲಭ. 'ಈ' ಬರೆದು ನೋಡಿ, 'ಋ' ಬರೆದು ನೋಡಿ, ಆರು ವರ್ಷದ ಬೆರಳಿಗೆ ಅದೆಷ್ಟು ಸರ್ಕಸ್ಸು! ಇನ್ನೊಂದು ಲಾಭ, ಐದೇ ಅಕ್ಷರಕ್ಕೆ ಶಬ್ದ ಆಗಿಬಿಡುತ್ತದೆ. ಸರ, ರಸ, ದರ, ಅರಸ, ಅಗಸ, ಗರಗಸ. ಅ ಆ ಇ ಈ ಉ ಕಲಿತ ಮಗು ಯಾವ ಶಬ್ದ ಓದೀತು? ನಮ್ಮ ಮನೆಯ ಹಿಂದೆ ತೂಗುಹಾಕಿದ ಗರಗಸ ತೋರಿಸಿ ಒಂದು ವಾರ ಹೋದವರಿಗೆ ಬಂದವರಿಗೆಲ್ಲ ಅದರ ಅಕ್ಷರ ಒಪ್ಪಿಸಿದಳು. ಮುಂದಿನ ಕಂತು ಜ ವ ಮ ಬ ನ. ಮರ ಬಂತು, ದನ ಬಂತು, ಜನ ಬಂತು.

ಈ ನಲಿ-ಕಲಿ ಏನು ಹೊಸ ಪ್ರಯೋಗವಲ್ಲ. ಮೈಸೂರು ಜಿಲ್ಲೆಯ ಎಚ್.ಡಿ. ಕೋಟೆಯಲ್ಲಿ 1995ರಲ್ಲಿ ಶುರುವಾಗಿದ್ದು. ಅಲ್ಲಿನ ಮೇಷ್ಟ್ರುಗಳು ಆಂಧ್ರದ ರಿಷಿವ್ಯಾಲಿ ಶಾಲೆಗೆ ಹೋಗಿ ನೋಡಿಕೊಂಡು ಬಂದು ಮಾಡಿದ್ದು, ಯುನಿಸೆಫ್ ನೆರವೂ ಇತ್ತು. 2009-10ರಿಂದ ಇಡೀ ರಾಜ್ಯದ ಸರ್ಕಾರಿ ಕನ್ನಡ ಶಾಲೆಗಳಿಗೆ ಬಂತು. ಇದರ ಜಾಣತನ ಕಲಿಕಾ ಏಣಿಯಲ್ಲಿದೆ, ಅಂದರೆ ಪಾಠಗಳನ್ನು ಮೆಟ್ಟಿಲು ಮೆಟ್ಟಿಲಾಗಿ ಜೋಡಿಸಿದ್ದರಲ್ಲಿ. ಇಡೀ ಕ್ಲಾಸು ಒಂದೇ ಪುಟದಲ್ಲಿ ನಡೆಯುವುದಿಲ್ಲ. ಒಂದೊಂದು ಮಗು ತನ್ನ ಮೆಟ್ಟಿಲಲ್ಲಿರುತ್ತದೆ, ನಾಲ್ಕು ದಿನ ತಪ್ಪಿಸಿಕೊಂಡರೆ ಬಿಟ್ಟಲ್ಲಿಂದಲೇ ಹತ್ತುತ್ತದೆ. ಬಯಲುಸೀಮೆಯವರಿಗೆ ಇದರ ಬೆಲೆ ಎಷ್ಟು ಗೊತ್ತಾಗುತ್ತೋ ಇಲ್ಲವೋ. ನಮ್ಮಲ್ಲಿ ಜುಲೈ ಅಂದರೆ ಮಳೆ ರಜೆ. ಹಳ್ಳ ತುಂಬಿತು ಅಂದರೆ ರಜೆ ಘೋಷಣೆ ಆಗದಿದ್ದರೂ ಆಚೆ ದಡದ ಮಕ್ಕಳು ಬರುವ ಹಾಗಿಲ್ಲ. ನಮ್ಮ ತೋಟದ ಆಳುಗಳ ಲೈನ್‌ಮನೆಯಲ್ಲಿರುವ ಅಸ್ಸಾಂ ಕಡೆಯವರ ಹುಡುಗ ಸೇರಿದ್ದೇ ಜೂನ್ ಕೊನೆಗೆ, ಕನ್ನಡ ಒಂದು ಮಾತೂ ಬಾರದು. ಅವನಿಗೂ ಒಂದು ತಟ್ಟೆ, ಒಂದು ಮೆಟ್ಟಿಲು ಸಿಕ್ಕಿತು. ಈಗ ನನ್ನನ್ನು ಕಂಡರೆ ದೂರದಿಂದಲೇ 'ಸರ ಸರ ಬಾ' ಅಂತ ಕೂಗುತ್ತಾನೆ. ತೋಟದಲ್ಲಿ ನನ್ನನ್ನು ಏಕವಚನದಲ್ಲಿ ಕರೆಯುವವನು ಅವನೊಬ್ಬನೇ.

ದೂರುಗಳು ಇನ್ನೂ ಇವೆ. ಕಾರ್ಡುಗಳು ಎಷ್ಟು ಕೈ ದಾಟಿವೆಯೋ, ಮೂಲೆ ಸವೆದು, ಕೆಲವು ಕಾರ್ಡಿನ ಚಿತ್ರ ಹಸುವೋ ಎಮ್ಮೆಯೋ ಹೇಳಲಾಗದು. ಮಳೆ ಜೋರಾದರೆ ಶೀಟಿನ ಸದ್ದಿಗೆ ಟೀಚರ್ ದನಿ ಪಕ್ಕದ ತಟ್ಟೆಗೂ ಮುಟ್ಟುವುದಿಲ್ಲ. ಟೀಚರ್ ತರಬೇತಿಗೋ ಮೀಟಿಂಗಿಗೋ ಹೋದ ದಿನ ಇಡೀ ಏರ್ಪಾಡು ಕುಸಿಯುತ್ತದೆ. ದೊಡ್ಡ ಕ್ಲಾಸಿನ ಮೇಷ್ಟ್ರು ಬಂದು 'ಎಲ್ಲರೂ ಮಗ್ಗಿ ಹೇಳಿ' ಅನ್ನುತ್ತಾರೆ, ಒಂದನೆಯವರೂ ಬಾಯಿ ಆಡಿಸುತ್ತಾರೆ. ಇಂಗ್ಲಿಷ್ ಮಾತ್ರ ಕಾನ್ವೆಂಟಿನಲ್ಲಿದ್ದಷ್ಟು ಇಲ್ಲಿ ಇಲ್ಲ. ಕಲಿತಿದ್ದನ್ನೂ ಅರ್ಧ ಮರೆತಿದ್ದಾಳೆ, ನನ್ನಾಕೆಗೆ ಅದೇ ಚಿಂತೆ. ಹಾಲು, ಬಿಸಿಯೂಟದ ಬಗ್ಗೆ ಬೇಕಾದಷ್ಟು ಜನ ಬರೆದಿದ್ದಾರೆ. ಸಾರು ಚೆನ್ನಾಗಿರುತ್ತದಂತೆ, ಅಷ್ಟು ಸಾಕು.

ಐದಕ್ಕೆ ಮೂರೂವರೆ ಕೊಡುತ್ತೇನೆ. ಟೀಚರಿಗೆ ಬೇರೆಯಾಗಿ ಕೊಡಿ ಅಂದರೆ ನಾಲ್ಕೂವರೆ.

ಮೊನ್ನೆ ರಾತ್ರಿ ಕರೆಂಟಿಲ್ಲದೆ ದೀಪದಲ್ಲಿ ಮೇ ತಿಂಗಳ ಚೆಕ್‌ರೋಲ್ ತಾಳೆ ನೋಡುತ್ತಿದ್ದೆ. ಪಕ್ಕ ಬಂದು ಕೂತಳು. ಪುಟದ ತುಂಬ ಒಂದೇ ಕೆಲಸ, ಮಳೆಗೆ ಮೊದಲು ನೆರಳು ಬಿಡಿಸಲು ಕೊಂಬೆ ಕಡಿಸಿದ್ದು. ಬೆರಳಿಟ್ಟು ಓದತೊಡಗಿದಳು: 'ಮ... ರ... ಗ...' ನಾಲ್ಕನೇ ಅಕ್ಷರಕ್ಕೆ ಬಂದು ನಿಂತಳು. ದೀಪ ಹತ್ತಿರ ಎಳೆದುಕೊಂಡು ನೋಡಿ, 'ಅಪ್ಪಾ, ಈ ಸ ತಲೆ ಮೇಲೆ ಏನೋ ಸುತ್ತಿಕೊಂಡಿದೆ, ಇದು ಇನ್ನೂ ನಮ್ಮ ಕಾರ್ಡಲ್ಲಿ ಬಂದಿಲ್ಲ' ಅಂದಳು.

ಮರಗಸಿ ಅಂತ ನಾನು ಹೇಳಿಕೊಡಲಿಲ್ಲ. ಆ ಮೆಟ್ಟಿಲಿಗೆ ಅವಳೇ ಬರಲಿ.