ಫ್ರೆಂಚ್ ವರ್ತಮಾನ ಕಾಲ: ಪಟ್ಟಿ, ಆ್ಯಪ್, ಕಿವಿ. ಮೂರನ್ನೂ ಮಾಡಿ ನೋಡಿದೆ

ಫ್ರಾನ್ಸಿನ ಲಿಯೋಂಗೆ ಬಂದ ಮೊದಲ ಚಳಿಗಾಲದಲ್ಲಿ ನಾನು ಫ್ರೆಂಚ್ ಕಲಿಯಲು ಕೂತೆ. ಬೇಕರಿಯಲ್ಲಿ, ಮಗಳ ಶಾಲೆಯ ಗೇಟಿನ ಹತ್ತಿರ ನಾಲ್ಕು ಮಾತು ಆಡಬೇಕಿತ್ತು. ಮೊದಲು ವರ್ತಮಾನ ಕಾಲದ ಕ್ರಿಯಾಪದ ಗಟ್ಟಿ ಮಾಡಿಕೊಳ್ಳಿ ಎಂದು ಎಲ್ಲರೂ ಹೇಳಿದರು. ಹೇಗೆ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರದು ಒಂದೊಂದು ದಾರಿ. ಮೂರು ದಾರಿ ಹಿಡಿದು ನೋಡಿದೆ, ಒಂದೊಂದಕ್ಕೂ ಒಂದು ತಿಂಗಳು.

ಮೊದಲ ತಿಂಗಳು ಪಟ್ಟಿ. ಮಗ್ಗಿ ಕಲಿತ ಹಾಗೆ ಬರೆದು ಬಾಯಿಪಾಠ ಮಾಡುವುದು. 'ಪಾರ್ಲೇ' ಅಂದರೆ ಮಾತಾಡು. ನಾನು, ನೀನು, ಅವನು ಅಥವಾ ಅವಳು, ನಾವು, ನೀವು, ಅವರು ಎಂದು ಆರು ಸಾಲು. ಕೊನೆಯ ಅಕ್ಷರಗಳು ಕ್ರಮವಾಗಿ ಇ, ಇ-ಎಸ್, ಇ, ಓ-ಎನ್-ಎಸ್, ಇ-ಝಡ್, ಇ-ಎನ್-ಟಿ. ಫ್ರೆಂಚಿನ ಹತ್ತು ಕ್ರಿಯಾಪದಗಳಲ್ಲಿ ಸುಮಾರು ಒಂಬತ್ತು ಈ ಗುಂಪಿಗೇ ಸೇರುತ್ತವೆ. ಹಾಗಾಗಿ ಒಂದು ಪಟ್ಟಿ ಬಂದರೆ ಸಾವಿರಾರು ಪದ ಬಂದ ಹಾಗೆ.

ಕನ್ನಡದವರಿಗೆ ಈ ಪಟ್ಟಿ ಕಷ್ಟವೇ ಅಲ್ಲ. ಮಾಡುತ್ತೇನೆ, ಮಾಡುತ್ತೀಯ, ಮಾಡುತ್ತಾರೆ ಅಂತ ನಾವು ದಿನಾ ಕೊನೆ ಬದಲಿಸುತ್ತಲೇ ಇರುತ್ತೇವೆ, ಅಲ್ವಾ? 'ತ್ಯು', 'ವೂ' ಎರಡೂ ನಮ್ಮ ನೀನು, ನೀವು ಇದ್ದ ಹಾಗೇ. ಎರಡೇ ವಾರದಲ್ಲಿ ತಪ್ಪಿಲ್ಲದೆ ಬರೆಯುತ್ತಿದ್ದೆ. ಆದರೆ ಬೇಕರಿಯಲ್ಲಿ ಮಾತು ಬಾಯಿಗೆ ಬರಲಿಲ್ಲ. ತಲೆಯೊಳಗೆ ಆರು ಸಾಲು ಓಡಿ, ಸರಿಯಾದ ಸಾಲು ಸಿಗುವ ಹೊತ್ತಿಗೆ ಹಿಂದಿನವರ ಸರದಿ ಬಂದಿರುತ್ತಿತ್ತು.

ಎರಡನೇ ತಿಂಗಳು ಮೊಬೈಲ್ ಆ್ಯಪ್. ಟ್ರಾಮಿನಲ್ಲಿ ಹೋಗಿ ಬರುವಾಗ ದಿನಕ್ಕೆ ಕಾಲು ಗಂಟೆ. ಒಂದು ದಿನವೂ ತಪ್ಪಲಿಲ್ಲ, ಅದೇ ಅದರ ದೊಡ್ಡ ಗುಣ. ಆದರೆ ನಾನು ಬಳಸಿದ ಆ್ಯಪ್ ಎಲ್ಲವನ್ನೂ ಇಂಗ್ಲಿಷ್ ಮೂಲಕವೇ ಕೇಳುತ್ತಿತ್ತು. ಇದು ನಮಗೆ ಸುಮ್ನೆ ಸುತ್ತು ದಾರಿ. ಒಂದು ಉದಾಹರಣೆ ಕೊಡುತ್ತೇನೆ. 'ಝಾಬಿತ್ ಆ ಲಿಯೋಂ ದಪ್ವಿ ದಝಾಂ' ಅಂದರೆ ಎರಡು ವರ್ಷದಿಂದ ಲಿಯೋಂನಲ್ಲಿ ಇದ್ದೇನೆ. ಫ್ರೆಂಚಿನಲ್ಲಿ ಇದು ಸರಳ ವರ್ತಮಾನ, ಕನ್ನಡದಲ್ಲೂ ಅಷ್ಟೇ. ಇಂಗ್ಲಿಷಿನಲ್ಲಿ ಮಾತ್ರ ಬೇರೆ ಕಾಲ ಬೇಕು. ನಾನು ಇಂಗ್ಲಿಷ್ ನೋಡಿ ಉತ್ತರಿಸಿ ಮೂರು ಸಲ ತಪ್ಪು ಮಾಡಿದೆ. ಕನ್ನಡದಲ್ಲಿ ಯೋಚಿಸಿದ ದಿನ ತಪ್ಪು ನಿಂತಿತು. 'ಝ ಮಾಂಝ್' ಕೂಡ ಹೀಗೇ. ತಿನ್ನುತ್ತೇನೆ ಅನ್ನುವುದಕ್ಕೂ ತಿನ್ನುತ್ತಿದ್ದೇನೆ ಅನ್ನುವುದಕ್ಕೂ ಅದೊಂದೇ ರೂಪ.

ಇನ್ನೊಂದು ವಿಷಯ. ಆ್ಯಪ್‌ನಲ್ಲಿ ಉತ್ತರ ಆರಿಸುವುದು ಜಾಸ್ತಿ, ಹೇಳುವುದು ಕಡಿಮೆ. ಕಣ್ಣು ಗುರುತಿಸಿದ್ದು ನಾಲಿಗೆಗೆ ಇಳಿಯಲಿಲ್ಲ.

ಮೂರನೇ ತಿಂಗಳು ನೋಟ್‌ಬುಕ್ ಮುಚ್ಚಿಟ್ಟೆ. ಕಲಿಯುವವರಿಗಾಗಿ ನಿಧಾನವಾಗಿ ಓದಿದ ಆಡಿಯೋ ಕೇಳುವುದು, ಅಡುಗೆ ಮಾಡುತ್ತಾ ಅದೇ ವಾಕ್ಯಗಳನ್ನು ಜೋರಾಗಿ ಹೇಳುವುದು. ಇಷ್ಟೇ ಕೆಲಸ. ಪಟ್ಟಿ ನನಗೆ ಹೇಳದಿದ್ದ ಸಂಗತಿ ಆಗ ತಿಳಿಯಿತು. ಆ ಆರು ಸಾಲುಗಳಲ್ಲಿ ನಾಲ್ಕು ಕಿವಿಗೆ ಒಂದೇ! ಝ ಪಾರ್ಲ್, ತ್ಯು ಪಾರ್ಲ್, ಇಲ್ ಪಾರ್ಲ್, ಅವರು ಅಂದರೂ ಇಲ್ ಪಾರ್ಲ್. ಕೊನೆಯ ಅಕ್ಷರಗಳು ಬಾಯಿಗೆ ಬರುವುದೇ ಇಲ್ಲ. ಬೇರೆಯಾಗುವುದು ನಾವು ಅನ್ನುವ 'ನೂ ಪಾರ್ಲೋಂ', ನೀವು ಅನ್ನುವ 'ವೂ ಪಾರ್ಲೇ' ಎರಡು ಮಾತ್ರ. ಮಾತಿನಲ್ಲಿ ಜನ 'ನೂ' ಬದಲು ಹೆಚ್ಚಾಗಿ 'ಓಂ ಪಾರ್ಲ್' ಅನ್ನುತ್ತಾರೆ. ಹಾಗಾದರೆ ಉಳಿದದ್ದು ಎರಡೇ ದನಿ.

ನಾವು ಎಚ್ಚರ ವಹಿಸಬೇಕಾದ ಜಾಗವೂ ಇದೇ. ಕನ್ನಡದಲ್ಲಿ 'ಬರ್ತೀನಿ' ಅಂದರೆ ಸಾಕು, 'ನಾನು' ಬೇಕಿಲ್ಲ. ಕೊನೆಯೇ ಯಾರು ಎಂದು ಹೇಳುತ್ತದೆ. ಬರೀ 'ಪಾರ್ಲ್' ಅಂದರೆ ಯಾರು ಎಂದು ತಿಳಿಯುವುದಿಲ್ಲ. ಆದ್ದರಿಂದ 'ಝಪಾರ್ಲ್', 'ತ್ಯುಪಾರ್ಲ್' ಎಂದು ಒಂದೇ ಪದದ ಹಾಗೆ ಅಂಟಿಸಿ ಕಲಿತೆ. ಮಾತು ಸರಾಗವಾದದ್ದು ಆಮೇಲೆಯೇ.

ಮಿಕ್ಕ ಗುಂಪುಗಳಲ್ಲಿ ಕಿವಿಗೆ ಇನ್ನೂ ಜಾಸ್ತಿ ಸಿಗುತ್ತದೆ. ಅವನು ಮುಗಿಸುತ್ತಾನೆ, 'ಇಲ್ ಫಿನಿ'. ಅವರು ಮುಗಿಸುತ್ತಾರೆ, 'ಇಲ್ ಫಿನಿಸ್'. ಅವನು ತೆಗೆದುಕೊಳ್ಳುತ್ತಾನೆ, 'ಇಲ್ ಪ್ರಾಂ'. ಅವರಾದರೆ 'ಇಲ್ ಪ್ರೆನ್'. ಕೊನೆಯಲ್ಲಿ ಒಂದು ವ್ಯಂಜನ ಹೆಚ್ಚಾಗಿ ಕೇಳಿಸಿತೋ, ಸಾಮಾನ್ಯವಾಗಿ ಅದು ಬಹುವಚನ. ತೀರಾ ಬೇಕಾದ ನಾಲ್ಕು ಕ್ರಿಯಾಪದಗಳಲ್ಲಿ 'ಅವರು' ರೂಪಗಳು ಪ್ರಾಸದಂತೆ ಬರುತ್ತವೆ: ಸೋಂ, ಓಂ, ವೋಂ, ಫೋಂ. ಇರು, ಹೊಂದಿರು, ಹೋಗು, ಮಾಡು. 'ಇಲ್ ಸೋಂ' ಅಂದರೆ ಅವರು ಇದ್ದಾರೆ, 'ಇಲ್ ಝೋಂ' ಅಂದರೆ ಅವರ ಹತ್ತಿರ ಇದೆ ('ಇಲ್' ಜೊತೆ ಸೇರಿದಾಗ 'ಓಂ' ಕಿವಿಗೆ 'ಝೋಂ' ಆಗುತ್ತದೆ). ಸ ಮತ್ತು ಝ ನಡುವಿನ ಈ ವ್ಯತ್ಯಾಸವನ್ನು ಮೊದಲ ವಾರವೇ ಕಿವಿಗೆ ಹಾಕಿಕೊಳ್ಳಿ. 'ಹೊಂದಿರು' ನಮಗೆ ಸ್ವಲ್ಪ ವಿಚಿತ್ರವೇ. ನಾವು ನನಗೆ ಹಸಿವಾಗಿದೆ ಅನ್ನುತ್ತೇವೆ, ಅವರು 'ಝೆ ಫಾಂ', ಅಂದರೆ ನನ್ನ ಹತ್ತಿರ ಹಸಿವಿದೆ ಅನ್ನುತ್ತಾರೆ. ವಯಸ್ಸು ಹೇಳುವಾಗಲೂ ಹಾಗೇ.

ಕಿವಿಯ ದಾರಿಗೂ ಕೊರತೆ ಇದೆ. ಮಗಳ ಟೀಚರಿಗೆ ಬರೆದ ಚೀಟಿಯಲ್ಲಿ 'ಅವರು' ರೂಪದ ಕೊನೆಯ ಎನ್-ಟಿ ಎಲ್ಲ ಕಡೆ ಬಿಟ್ಟುಹೋಗಿತ್ತು. ಕೇಳದ ಅಕ್ಷರವನ್ನು ಕೈ ಬರೆಯುವುದಿಲ್ಲ.

ನನ್ನ ಆಯ್ಕೆ ಸ್ಪಷ್ಟ: ಮೊದಲು ಕಿವಿ, ಆಮೇಲೆ ಪಟ್ಟಿ. ಬಾಯಲ್ಲಿ ಆಗಲೇ ಕೂತಿರುವ ಪದವನ್ನು ಬರೆಯಲು ಕಲಿಯುವುದು ಎಷ್ಟೋ ಸುಲಭ. ಫ್ರೆಂಚ್ ಕಲಿಯುವವರ ಆರಂಭಿಕ ಹಂತದ ಪರೀಕ್ಷೆಯಾದ ಡೆಲ್ಫ್ ಎ1ಕ್ಕೆ ಓದುವವರೂ ಹೀಗೇ ಮಾಡಬಹುದು. ಅದರ 100 ಅಂಕಗಳಲ್ಲಿ ಕೇಳುವುದಕ್ಕೆ 25, ಮಾತಾಡುವುದಕ್ಕೆ 25 ಇದೆ. ಬರೆಯುವುದು ಇನ್ನೊಂದು 25. ಅದಕ್ಕೆ ಕೊನೆಯ ಮೂರು ವಾರ ಪಟ್ಟಿ ಬರೆದರೆ ಸಾಕು ಅನ್ನಿಸುತ್ತದೆ. ಆ್ಯಪ್ ಬೇಕೇ ಬೇಕು ಅನ್ನುವವರು ಪ್ರತಿ ಉತ್ತರವನ್ನೂ ಒತ್ತುವ ಮೊದಲು ಬಾಯಿಬಿಟ್ಟು ಹೇಳಿ, ಇಂಗ್ಲಿಷ್ ಸಾಲನ್ನು ಮನಸ್ಸಿನಲ್ಲೇ ಕನ್ನಡಕ್ಕೆ ತಿರುಗಿಸಿಕೊಳ್ಳಿ. ನಾನೀಗ ಟ್ರಾಮಿನಲ್ಲಿ ಹಾಗೆಯೇ ಮಾಡುತ್ತೇನೆ, ಸಣ್ಣ ದನಿಯಲ್ಲಿ.