ಸಲೈನ್, ರಿಂಗರ್ ಲ್ಯಾಕ್ಟೇಟ್, ಡೆಕ್ಸ್‌ಟ್ರೋಸ್: ವಾರ್ಡಿನ ಡ್ರಿಪ್ ಬಾಟಲಿಗಳ ಒಂದು ವಿಮರ್ಶೆ

ಆಸ್ಪತ್ರೆಯಲ್ಲಿ ಡ್ರಿಪ್ ಬಾಟಲಿಯಷ್ಟು ಯೋಚಿಸದೆ ಬರೆಯುವ ಔಷಧ ಇನ್ನೊಂದು ಇರಲಾರದು. ಆಂಟಿಬಯೋಟಿಕ್ ಬರೆಯುವಾಗ ಪ್ರಮಾಣ, ಅವಧಿ, ಮೂತ್ರಪಿಂಡದ ಸ್ಥಿತಿ ಎಲ್ಲವನ್ನೂ ನೋಡುವ ವೈದ್ಯರೇ ದ್ರವದ ಸಾಲಿಗೆ ಬಂದಾಗ ನಿನ್ನೆಯ ಆದೇಶವನ್ನು ಹಾಗೆಯೇ ಇಳಿಸಿಕೊಂಡು ಮುಂದಿನ ಹಾಸಿಗೆಗೆ ಹೋಗುತ್ತಾರೆ. ಆದ್ದರಿಂದ ಕಪಾಟಿನಲ್ಲಿರುವ ಈ ಬಾಟಲಿಗಳನ್ನು, ಯಾವುದೇ ಉತ್ಪನ್ನವನ್ನು ಪರೀಕ್ಷಿಸುವಂತೆ, ಲೇಬಲ್ ಓದಿ, ಕೆಲಸ ನೋಡಿ ತೂಗುವುದು ಉಚಿತವೆನಿಸಿತು. ಇಲ್ಲಿನ ಮಾತು ಮುಖ್ಯವಾಗಿ ವಯಸ್ಕ ರೋಗಿಗಳಿಗೆ ಸಂಬಂಧಿಸಿದ್ದು.

ಮೊದಲು ನಾರ್ಮಲ್ ಸಲೈನ್. ಲೀಟರಿಗೆ 9 ಗ್ರಾಂ ಉಪ್ಪು, ಅಂದರೆ ಸೋಡಿಯಂ 154 ಮಿಲಿಮೋಲ್, ಕ್ಲೋರೈಡ್ ಸಹ 154. ರಕ್ತದಲ್ಲಿ ಸೋಡಿಯಂ ಸುಮಾರು 140, ಕ್ಲೋರೈಡ್ ಸುಮಾರು 100 ಇರುತ್ತದೆ. ಮೊದಲನೆಯ ಅಂತರ ಸಣ್ಣದು, ಎರಡನೆಯದು ದೊಡ್ಡದು. ಸಲೈನಿನ ಬಗೆಗಿನ ತಕರಾರುಗಳಲ್ಲಿ ಹೆಚ್ಚಿನವು ಈ ಎರಡನೆಯ ಅಂತರದಿಂದಲೇ ಹುಟ್ಟಿದವು. ಒಂದು ಲೀಟರ್ ಕೊಟ್ಟರೆ ಏನೂ ಕಾಣಿಸುವುದಿಲ್ಲ. ಮೂರು ನಾಲ್ಕು ಲೀಟರ್ ವೇಗವಾಗಿ ಹೋದಾಗ ಕ್ಲೋರೈಡ್ ಏರಿ, ಆಮ್ಲವನ್ನು ತಣಿಸುವ ಬೈಕಾರ್ಬನೇಟ್ ಇಳಿದು, ರಕ್ತ ಆಮ್ಲೀಯವಾಗುತ್ತದೆ. ಆಗ ವರದಿ ನೋಡಿದವರು ಆಘಾತ (ಶಾಕ್, ಅಂದರೆ ಅಂಗಾಂಗಗಳಿಗೆ ರಕ್ತ ಸಾಲದ ಸ್ಥಿತಿ) ಇನ್ನೂ ಹತೋಟಿಗೆ ಬಂದಿಲ್ಲವೆಂದು ತಿಳಿದು ಮತ್ತೊಂದು ಬಾಟಲಿ ಸಲೈನ್ ಬರೆಯುತ್ತಾರೆ. ದ್ರವವೇ ಮಾಡಿದ ತೊಂದರೆಗೆ ಅದೇ ದ್ರವ ಚಿಕಿತ್ಸೆಯಾಗುವ ವಿಚಿತ್ರ ಪ್ರಸಂಗವಿದು. ಅಂಗಾಂಗಗಳಿಗೆ ರಕ್ತ ಸಾಲದಾಗ ಏರುವ ಲ್ಯಾಕ್ಟೇಟ್ ಮತ್ತು ಸಲೈನಿನಿಂದ ಏರುವ ಕ್ಲೋರೈಡ್ ಎರಡನ್ನೂ ಒಟ್ಟಿಗೆ ನೋಡಿದರೆ ಈ ಗೊಂದಲ ಬಹುಮಟ್ಟಿಗೆ ತಪ್ಪುತ್ತದೆ. ಹಾಗೆಂದು ಸಲೈನನ್ನು ಕಪಾಟಿನಿಂದ ತೆಗೆದುಹಾಕುವಂತಿಲ್ಲ. ಪದೇ ಪದೇ ವಾಂತಿಯಾಗಿ ಹೊಟ್ಟೆಯ ಆಮ್ಲದೊಡನೆ ಕ್ಲೋರೈಡ್ ಕಳೆದುಕೊಂಡವರಿಗೆ ಅದೇ ಸರಿಯಾದ ದ್ರವ, ತಲೆಗೆ ಪೆಟ್ಟು ಬಿದ್ದವರಿಗೂ ಅದೇ ಮೊದಲ ಆಯ್ಕೆ.

ರಿಂಗರ್ ಲ್ಯಾಕ್ಟೇಟ್, ಅಂದರೆ ಎಲ್ಲರ ಬಾಯಲ್ಲಿರುವ ಆರ್‌ಎಲ್, ರಕ್ತದ ಅಂಕಿಗಳಿಗೆ ಹೆಚ್ಚು ಹತ್ತಿರ: ಸೋಡಿಯಂ 130, ಕ್ಲೋರೈಡ್ 109, ಪೊಟ್ಯಾಸಿಯಂ 4, ಲ್ಯಾಕ್ಟೇಟ್ 28, ಜೊತೆಗೆ ಸ್ವಲ್ಪ ಕ್ಯಾಲ್ಸಿಯಂ. ಇದರ ಲ್ಯಾಕ್ಟೇಟನ್ನು ಯಕೃತ್ತು ಬೈಕಾರ್ಬನೇಟ್ ಆಗಿ ಪರಿವರ್ತಿಸುತ್ತದೆ. ಪೊಟ್ಯಾಸಿಯಂ ಹೆಚ್ಚಿರುವ ರೋಗಿಗೆ ಆರ್‌ಎಲ್ ಕೊಡಲೇಬಾರದು ಎಂಬ ಮಾತು ಎಲ್ಲೆಡೆ ಕೇಳಿಬರುತ್ತದೆ, ಆದರೆ ಲೆಕ್ಕ ಅದಕ್ಕೆ ಒಪ್ಪುವುದಿಲ್ಲ. 4 ಮಿಲಿಮೋಲ್ ಸಾಂದ್ರತೆಯ ದ್ರವವು ರಕ್ತದ ಪೊಟ್ಯಾಸಿಯಂ ಅನ್ನು 6ರಿಂದ ಮೇಲಕ್ಕೆ ಎಳೆಯಲಾರದು. ಸಲೈನ್ ಉಂಟುಮಾಡುವ ಆಮ್ಲೀಯತೆಯಾದರೋ ಜೀವಕೋಶಗಳೊಳಗಿನ ಪೊಟ್ಯಾಸಿಯಂ ಹೊರಬರಲು ಕಾರಣವಾಗುತ್ತದೆ. ಮೂತ್ರಪಿಂಡ ಕಸಿಯ ರೋಗಿಗಳಲ್ಲಿ ಎರಡನ್ನೂ ಹೋಲಿಸಿ ನೋಡಿದಾಗ ಪೊಟ್ಯಾಸಿಯಂ ಹೆಚ್ಚು ಏರಿದ್ದು ಸಲೈನ್ ಪಡೆದವರಲ್ಲಿ. ಆರ್‌ಎಲ್‌ನ ನಿಜವಾದ ಮಿತಿಗಳು ಬೇರೆ: ಅದು ಲವಣಾಂಶದಲ್ಲಿ ರಕ್ತಕ್ಕಿಂತ ತುಸು ತೆಳುವಾದ್ದರಿಂದ ಮೆದುಳಿನ ಬಾವಿನಲ್ಲಿ ಒಳ್ಳೆಯದಲ್ಲ, ಕ್ಯಾಲ್ಸಿಯಂ ಇರುವುದರಿಂದ ರಕ್ತ ಕೊಡುವ ಲೈನಿನಲ್ಲಾಗಲಿ ಆಂಟಿಬಯೋಟಿಕ್ ಆದ ಸೆಫ್‌ಟ್ರಿಯಾಕ್ಸೋನ್ ಜೊತೆಗಾಗಲಿ ಬೆರೆಸುವಂತಿಲ್ಲ, ಯಕೃತ್ತು ಪೂರ್ಣ ಕೈಕೊಟ್ಟವರಲ್ಲಿ ಲ್ಯಾಕ್ಟೇಟ್ ಉಳಿದುಬಿಡಬಹುದು.

ಇವೆರಡರ ನಡುವೆ ಗೆದ್ದವರು ಯಾರು? 2018ರಲ್ಲಿ ಪ್ರಕಟವಾದ ಸ್ಮಾರ್ಟ್ ಅಧ್ಯಯನದಲ್ಲಿ 15,802 ಐಸಿಯು ರೋಗಿಗಳಿದ್ದರು. ಸಾವು, ಡಯಾಲಿಸಿಸ್ ಅಥವಾ ಮೂತ್ರಪಿಂಡಕ್ಕೆ ಉಳಿದುಹೋದ ಹಾನಿ, ಈ ಮೂರರಲ್ಲಿ ಒಂದಾದರೂ ಸಂಭವಿಸಿದ್ದು ಸಲೈನ್ ಗುಂಪಿನಲ್ಲಿ ಶೇ. 15.4, ಆರ್‌ಎಲ್‌ನಂಥ ಸಮತೋಲಿತ ದ್ರವಗಳ ಗುಂಪಿನಲ್ಲಿ ಶೇ. 14.3. ಅನಂತರ ಬಂದ 2021ರ ಬೇಸಿಕ್ಸ್ ಮತ್ತು 2022ರ ಪ್ಲಸ್ ಅಧ್ಯಯನಗಳಲ್ಲಿ ಸಾವಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಸಿಗಲಿಲ್ಲ. ಹಾಗಾಗಿ ನನ್ನ ತೀರ್ಮಾನ ಆರ್‌ಎಲ್ ಪರವಾಗಿದ್ದರೂ ಅಂತರ ಕೂದಲೆಳೆಯದು. ಕಾರಣವಿಲ್ಲದಿದ್ದಾಗ ಕೈ ಮೊದಲು ಆರ್‌ಎಲ್ ಕಡೆಗೆ ಹೋಗಲಿ, ಕಾರಣವಿದ್ದಾಗ ಸಲೈನ್ ಬಳಸಲು ಹಿಂಜರಿಕೆ ಬೇಡ.

ಶೇ. 5ರ ಡೆಕ್ಸ್‌ಟ್ರೋಸ್ ಬಗ್ಗೆ ಹೆಚ್ಚು ಹೇಳಬೇಕಾದ್ದಿಲ್ಲ. ಅದರ ಸಕ್ಕರೆ ಬೇಗ ಕರಗಿಹೋಗಿ ಉಳಿಯುವುದು ಬರಿಯ ನೀರು, ಆ ನೀರಿನಲ್ಲಿ ರಕ್ತನಾಳದೊಳಗೆ ನಿಲ್ಲುವುದು ಹನ್ನೆರಡನೆಯ ಒಂದು ಪಾಲಿನಷ್ಟೇ. ರಕ್ತದೊತ್ತಡ ಬಿದ್ದವರಿಗೆ ಅದನ್ನು ಏರಿಸುವುದು ವ್ಯರ್ಥ. ಶಕ್ತಿಗೆಂದು ಕೊಡುವುದೂ ಅಷ್ಟೇ, 500 ಮಿ.ಲೀ. ಬಾಟಲಿಯಲ್ಲಿರುವುದು 25 ಗ್ರಾಂ ಸಕ್ಕರೆ, ನೂರು ಕ್ಯಾಲರಿಯೂ ಆಗುವುದಿಲ್ಲ. ರಕ್ತನಾಳದೊಳಗೆ ಹೆಚ್ಚು ಹೊತ್ತು ನಿಲ್ಲಲೆಂದು ಪಿಷ್ಟದಿಂದ ಮಾಡಿದ ಸ್ಟಾರ್ಚ್ ದ್ರಾವಣಗಳಿಗೆ ನನ್ನ ಕಪಾಟಿನಲ್ಲಿ ಜಾಗವಿಲ್ಲ: 2012ರ ಎರಡು ದೊಡ್ಡ ಅಧ್ಯಯನಗಳಲ್ಲಿ ಅವು ಡಯಾಲಿಸಿಸ್ ಅಗತ್ಯವನ್ನು ಹೆಚ್ಚಿಸಿದ್ದು ಕಂಡುಬಂತು. ರಕ್ತದ ಪ್ರೋಟೀನ್ ಆದ ಆಲ್ಬುಮಿನ್ ದುಬಾರಿ. 2004ರ ಸೇಫ್ ಅಧ್ಯಯನದ ಸುಮಾರು 7,000 ರೋಗಿಗಳಲ್ಲಿ ಅದು ಸಲೈನಿಗಿಂತ ಒಟ್ಟಾರೆ ಮೇಲೆನಿಸಲಿಲ್ಲ, ತಲೆಗೆ ಪೆಟ್ಟಾದವರಿಗೆ ಕೆಡುಕನ್ನೇ ಮಾಡಿತು. ಯಕೃತ್ತು ಗಟ್ಟಿಯಾಗುವ ಸಿರೋಸಿಸ್ ರೋಗಿಯ ಹೊಟ್ಟೆಯಿಂದ ಹೆಚ್ಚು ನೀರು ತೆಗೆದಾಗ ಮಾತ್ರ ಅದಕ್ಕೆ ಸರಿಸಾಟಿಯಿಲ್ಲ.

ಇಷ್ಟು ಹೇಳಿದ ಮೇಲೂ, ಯಾವ ಬಾಟಲಿ ಎಂಬುದಕ್ಕಿಂತ ಬಾಟಲಿ ಬೇಕೇ ಎಂಬಲ್ಲಿಯೇ ಹೆಚ್ಚು ಹಾನಿಯಾಗುತ್ತದೆ ಎಂಬುದು ನನ್ನ ದೃಢವಾದ ಅಭಿಪ್ರಾಯ. ವಯಸ್ಸಾದವರ ಚರ್ಮ ಸಡಿಲವಾಗಿರುವುದು ಸಹಜ, ಬಾಯಿಂದ ಉಸಿರಾಡುವವರ ನಾಲಿಗೆ ಒಣಗಿರುವುದೂ ಸಹಜ. ಕಾಲು ಊದಿಕೊಂಡವರ ರಕ್ತನಾಳ ಬರಿದಾಗಿರಬಹುದು. ಕುತ್ತಿಗೆಯ ಲೈನಿನಿಂದ ಅಳೆಯುವ ಸಿವಿಪಿ (ಹೃದಯದ ಬಳಿಯ ದೊಡ್ಡ ಅಭಿಧಮನಿಯ ಒತ್ತಡ) ಎಂಬ ಒಂಟಿ ಅಂಕಿಯನ್ನು ಬಹಳ ಕಾಲ ನಂಬಿದೆವು. ದ್ರವ ಕೊಟ್ಟರೆ ಹೃದಯ ಹೆಚ್ಚು ರಕ್ತ ಪಂಪ್ ಮಾಡುವುದೇ ಎಂಬುದನ್ನು ಅದು ಹೇಳಲಾರದು.

ಖರ್ಚಿಲ್ಲದ, ನಂಬಿಕೆಗೆ ಅರ್ಹವಾದ ಪರೀಕ್ಷೆಯೆಂದರೆ ಕಾಲೆತ್ತಿ ನೋಡುವುದು. ಆದರೆ ಇದನ್ನು ಬಹಳ ಮಂದಿ ತಪ್ಪಾಗಿ ಮಾಡುತ್ತಾರೆ. ರೋಗಿಯನ್ನು ಮೊದಲು 45 ಡಿಗ್ರಿಯಲ್ಲಿ ಒರಗಿ ಕೂರಿಸಿರಬೇಕು. ಆಮೇಲೆ ಕಾಲನ್ನು ಕೈಯಿಂದ ಎತ್ತದೆ ಹಾಸಿಗೆಯನ್ನೇ ತಿರುಗಿಸಿ, ತಲೆಯ ಭಾಗ ಮಟ್ಟಸವಾಗುವಂತೆ, ಕಾಲಿನ ಭಾಗ ಮೇಲೇಳುವಂತೆ ಮಾಡಬೇಕು. ಕಾಲು ಮತ್ತು ಹೊಟ್ಟೆಯಿಂದ ಸುಮಾರು 300 ಮಿ.ಲೀ. ರಕ್ತ ಹೃದಯದ ಕಡೆಗೆ ಹರಿಯುತ್ತದೆ. ಪರಿಣಾಮ ಒಂದು ನಿಮಿಷದೊಳಗೆ ಕಾಣಿಸಿ ಮರೆಯಾಗುವುದರಿಂದ ಆ ಹೊತ್ತಿನಲ್ಲೇ ಎಕೋದಲ್ಲಿ (ಹೃದಯದ ಸ್ಕ್ಯಾನ್) ಹೃದಯ ಪಂಪ್ ಮಾಡುವ ಪ್ರಮಾಣವನ್ನು ನೋಡಬೇಕು, ಬರಿಯ ರಕ್ತದೊತ್ತಡ ನೋಡಿದರೆ ಸಾಲದು. ಅದು ಶೇ. 10ಕ್ಕಿಂತ ಹೆಚ್ಚು ಏರಿದರೆ ಹೃದಯ ದ್ರವಕ್ಕೆ ಸ್ಪಂದಿಸುತ್ತದೆ ಎಂದರ್ಥ. ಸ್ಪಂದಿಸಿದ ಮಾತ್ರಕ್ಕೆ ದ್ರವ ಬೇಕೆಂದಾಗುವುದಿಲ್ಲ, ಆರೋಗ್ಯವಂತರ ಹೃದಯವೂ ಹೀಗೆಯೇ ಸ್ಪಂದಿಸುತ್ತದೆ. ಅಂಗಾಂಗಗಳಿಗೆ ರಕ್ತ ಸಾಲುತ್ತಿಲ್ಲ ಎಂಬ ಗುರುತೂ ಇರಬೇಕು: ಮೂತ್ರ ಕಡಿಮೆಯಾಗುವುದು, ಮಂಪರು, ಏರಿದ ಲ್ಯಾಕ್ಟೇಟ್, ಅಥವಾ ತೋರುಬೆರಳಿನ ತುದಿಯನ್ನು 10 ಸೆಕೆಂಡು ಬಿಳುಪಾಗುವಂತೆ ಒತ್ತಿ ಬಿಟ್ಟಾಗ ಬಣ್ಣ ಮರಳಲು 3 ಸೆಕೆಂಡಿಗಿಂತ ಹೆಚ್ಚು ಹಿಡಿಯುವುದು.

ಇಷ್ಟೊಂದು ಎಚ್ಚರ ಏಕೆಂದು ಕೇಳುವವರು 2011ರ ಫೀಸ್ಟ್ ಅಧ್ಯಯನವನ್ನು ನೋಡಬೇಕು. ಉಗಾಂಡಾ, ಕೀನ್ಯಾ, ಟಾಂಜಾನಿಯಾಗಳಲ್ಲಿ ತೀವ್ರ ಜ್ವರದಿಂದ ರಕ್ತಸಂಚಾರ ಕುಗ್ಗಿದ್ದ ಮಕ್ಕಳಲ್ಲಿ, ಬೋಲಸ್ ದ್ರವ (ಒಮ್ಮೆಗೇ ವೇಗವಾಗಿ ಕೊಡುವ ದ್ರವ) ಪಡೆದವರು ಪಡೆಯದವರಿಗಿಂತ ಹೆಚ್ಚಾಗಿ ಸತ್ತರು. 48 ಗಂಟೆಗಳಲ್ಲಿ ಶೇ. 10.5ರ ಆಸುಪಾಸು, ಇನ್ನೊಂದೆಡೆ ಶೇ. 7.3. ಐಸಿಯು ಸೌಲಭ್ಯವಿಲ್ಲದ ಕಡೆಯ ಫಲಿತಾಂಶವನ್ನು ಎಲ್ಲ ಕಡೆಗೂ ಹೊಂದಿಸಲಾಗದು ನಿಜ, ಆದರೂ ಒಂದು ಬಾಟಲಿಯಿಂದ ಏನಾದೀತು ಎಂಬ ಉಡಾಫೆಯನ್ನು ಅದು ಅಲುಗಾಡಿಸಿತು.

ಬೋಲಸ್ ಬೇಕೆಂದು ನಿರ್ಧರಿಸಿದರೆ 250ರಿಂದ 500 ಮಿ.ಲೀ. ಕೊಟ್ಟು, ಹಾಸಿಗೆಯ ಬಳಿ ನಿಂತು, ಶ್ವಾಸಕೋಶದ ತಳದಲ್ಲಿ ಹೊಸದಾಗಿ ಸದ್ದು ಕೇಳುತ್ತದೆಯೇ ಎಂದು ಸ್ಟೆತೊಸ್ಕೋಪ್ ಇಟ್ಟು ನೋಡಿಯೇ ಮುಂದಿನದನ್ನು ಬರೆಯಬೇಕು. ಬಾಯಿಂದ ಏನೂ ತೆಗೆದುಕೊಳ್ಳಲಾಗದವರ ದಿನದ ಅಗತ್ಯ ಕಿಲೋಗೆ 25ರಿಂದ 30 ಮಿ.ಲೀ. ಮಾತ್ರ. ಈ ಲೆಕ್ಕದಲ್ಲಿ ಆಂಟಿಬಯೋಟಿಕ್ ಕರಗಿಸುವ ನೂರು ನೂರು ಮಿ.ಲೀ. ಸಲೈನುಗಳನ್ನೂ ಸೇರಿಸಬೇಕು, ಐಸಿಯುವಿನಲ್ಲಿ ಅವೇ ದಿನಕ್ಕೆ ಅರ್ಧ ಲೀಟರ್ ದಾಟುವುದುಂಟು, ಚಾರ್ಟಿನ ದ್ರವದ ಸಾಲಿನಲ್ಲಿ ಅವುಗಳ ಹೆಸರೇ ಇರುವುದಿಲ್ಲ. ಸಾಕಷ್ಟು ನೀರು ಕುಡಿಯಲು ಶುರುಮಾಡಿದ ರೋಗಿಯ ಮೇಂಟೆನೆನ್ಸ್ (ದಿನದ ಅಗತ್ಯ ಪೂರೈಸುವ) ಡ್ರಿಪ್ಪನ್ನು ಅದೇ ರೌಂಡ್ಸಿನಲ್ಲಿ ನಿಲ್ಲಿಸಬಹುದು, ಸಂಜೆಯವರೆಗೆ ಕಾಯಬೇಕಾಗಿಲ್ಲ.